ಪುಟ್ಟ ರೈಲಿಗೆ ಬಣ್ಣ, ತಾತನಿಗೆ ತಲೆನೋವು

ಚಾಮರಾಜಪೇಟೆಯ ಹಿರಿಯರೊಬ್ಬರು ತಲೆನೋವೆಂದು ಬಂದರು. ರಕ್ತದೊತ್ತಡ ಸರಿಯಿತ್ತು. ನೋವು ಬರುವುದು ಭಾನುವಾರ ಸಂಜೆ ಮಾತ್ರ. ಅಂದು ಅವರು ಮೈಸೂರಿನ ರೈಲು ಮ್ಯೂಸಿಯಂನಲ್ಲಿ ಕಂಡ ಉಗಿ ಎಂಜಿನ್ನಿನ ಪುಟ್ಟ ಮಾದರಿಗೆ ಬಣ್ಣ ಹಚ್ಚುತ್ತಾರೆ. ಹಸಿ ಬಣ್ಣಕ್ಕೆ ಧೂಳು ಅಂಟೀತೆಂದು ಕಿಟಕಿ ಮುಚ್ಚುತ್ತಾರೆ. ರಾತ್ರಿ ಅದೇ ಕೋಣೆಯಲ್ಲಿ ಉಬ್ಬಸದ ಮೊಮ್ಮಗ ಮಲಗುತ್ತಾನೆ!

ಥಿನ್ನರಿನ ಆವಿ ಶ್ವಾಸಕೋಶದಿಂದ ರಕ್ತ ಸೇರಿ ಮಿದುಳನ್ನು ಮುಟ್ಟುತ್ತದೆ. ತಲೆನೋವು, ತಲೆಸುತ್ತು, ಓಕರಿಕೆ ಇದರ ಲಕ್ಷಣಗಳು. ಉಬ್ಬಸವೂ ಕೆರಳುತ್ತದೆ. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯದು. ಹಳೆಯ ಬಣ್ಣ ಕೆರೆದ ಪುಡಿಯಲ್ಲಿ ಸೀಸವಿರಬಹುದು. ಅದು ಮಕ್ಕಳ ಬುದ್ಧಿಬೆಳವಣಿಗೆಗೆ ಮಾರಕ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಯಾದದ್ದು 2017ರಲ್ಲಿ.

ಹವ್ಯಾಸ ಬಿಡಬೇಕಿಲ್ಲ. ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಬಣ್ಣ ಬಳಸಿ. ಕಿಟಕಿ ತೆರೆದಿಡಿ, ಧೂಳು ಕೂರದಂತೆ ಬೋಗಿಯ ಮೇಲೆ ರಟ್ಟಿನ ಡಬ್ಬ ಬೋರಲು ಹಾಕಿ. ಹಳೆಯ ಬಣ್ಣವನ್ನು ಒದ್ದೆ ಮಾಡಿಯೇ ಉಜ್ಜಿ. ಕೈಯನ್ನು ಸೋಪು ಹಚ್ಚಿ ತೊಳೆದು ಊಟಕ್ಕೆ ಕೂರಿ. ಥಿನ್ನರನ್ನು ಕುಡಿಯುವ ಬಾಟಲಿಯಲ್ಲಿ ಇಡಲೇಬೇಡಿ. ಮಗು ಕುಡಿದರೆ ವಾಂತಿ ಮಾಡಿಸಬೇಡಿ. ವಾಂತಿಯಾಗುವಾಗ ಅದು ಶ್ವಾಸಕೋಶಕ್ಕಿಳಿದರೆ ಪ್ರಾಣಾಪಾಯ. ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಆ ಹಿರಿಯರ ಮೇಜು ಈಗ ಜಗುಲಿಗೆ ಬಂದಿದೆ. ಭಾನುವಾರದ ತಲೆನೋವು ಹೋಗಿದೆ.