ಪಾರ್ಕಿನಲ್ಲೊಂದು ನಿದ್ದೆ

ಮಧ್ಯಾಹ್ನ ಕಬ್ಬನ್ ಪಾರ್ಕಿಗೆ ಹೋಗಿ ನೋಡಿ. ಮರದ ನೆರಳಲ್ಲಿ ಮುಖಕ್ಕೆ ಕರ್ಚೀಫು ಹಾಕಿಕೊಂಡು ಗಂಡಸರು ಗೊರಕೆ ಹೊಡೆಯುತ್ತಿರುತ್ತಾರೆ. ಒಬ್ಬಳೇ ಮಲಗಿದ ಹುಡುಗಿಯನ್ನು ಎಂದಾದರೂ ಕಂಡಿದ್ದೀರಾ?

ಈ ಪ್ರಶ್ನೆಯನ್ನೇ ಕಲೆಯಾಗಿಸಿದವರು ಜಾಸ್ಮೀನ್ ಪಥೇಜಾ. 2003ರಲ್ಲಿ, ಬೆಂಗಳೂರಿನ ಸೃಷ್ಟಿ ಕಲಾಶಾಲೆಯಲ್ಲಿ ಓದುವಾಗ, ಬೀದಿ ಕಿರುಕುಳದ ವಿರುದ್ಧ ಅವರು ಕೈಗೆತ್ತಿಕೊಂಡ ಪ್ರಾಜೆಕ್ಟೇ ‘ಬ್ಲ್ಯಾಂಕ್ ನಾಯ್ಸ್’ ಎಂಬ ಬಳಗವಾಗಿ ಬೆಳೆಯಿತು. ಈ ಬಳಗದ ‘ಮೀಟ್ ಟು ಸ್ಲೀಪ್’ನಲ್ಲಿ ಹೆಣ್ಣುಮಕ್ಕಳು ಒಟ್ಟಾಗಿ ಬಂದು ಪಾರ್ಕಿನಲ್ಲಿ ಮಲಗುತ್ತಾರೆ. ಅಷ್ಟೇ ಪ್ರತಿಭಟನೆ. ಅದು ಊರಿಂದ ಊರಿಗೆ ಹೋಯಿತು. ‘ಗರ್ಲ್ಸ್ ಅಟ್ ಢಾಬಾಸ್’ ಗೆಳತಿಯರು ಕೈಜೋಡಿಸಿದಾಗ ಪಾಕಿಸ್ತಾನದ ಪಾರ್ಕುಗಳಿಗೂ ತಲುಪಿತು. ನಮಗೆ ವೀಸಾ ಸಿಗುವುದೇ ಕಷ್ಟ, ನಿದ್ದೆ ಹೋಗಿಬಂತು!

ಹಾಗೆ ನೋಡಿದರೆ ಕಬ್ಬನ್ ಪಾರ್ಕೇ ಹಿಂದೆ ಗಡಿ. 1947ರವರೆಗೆ ಆ ಕಡೆ ಮೈಸೂರು ಅರಸರ ಪೇಟೆ, ಈ ಕಡೆ ಶಿವಾಜಿನಗರ, ಹಲಸೂರು ಸೇರಿದ್ದ ಬ್ರಿಟಿಷರ ದಂಡು. ಆ ಗಡಿ ಹೋಯಿತು. ಇನ್ನೊಂದು ಉಳಿದಿರುವುದು ನನಗೆ ಗೊತ್ತಾಗಿದ್ದು ಕಳೆದ ತಿಂಗಳು.

ಬೆಳಿಗ್ಗೆ ಎಂ.ಜಿ. ರಸ್ತೆಯಲ್ಲಿ ಇಂಟರ್‌ವ್ಯೂ, ಸಂಜೆ ನಾಲ್ಕಕ್ಕೆ ಇಂದಿರಾನಗರದಲ್ಲಿ ಇನ್ನೊಂದು. ನಡುವೆ ಕೆ.ಆರ್. ಪುರದ ಮನೆಗೆ ಹೋಗಿಬರಲು ಮನಸ್ಸಿರಲಿಲ್ಲ. ಪಾರ್ಕಿನಲ್ಲಿ ದುಪಟ್ಟಾ ಹಾಸಿ, ಸರ್ಟಿಫಿಕೇಟ್ ಫೈಲನ್ನು ತಲೆಯಡಿ ಇಟ್ಟುಕೊಂಡು, ಬ್ಯಾಗಿನ ಪಟ್ಟಿ ಕೈಗೆ ಸುತ್ತಿ ಮಲಗಿದೆ. ಯಾರೂ ಏನೂ ಅನ್ನಲಿಲ್ಲ. ಆದರೂ ಪ್ರತಿ ಹೆಜ್ಜೆ ಸಪ್ಪಳಕ್ಕೂ ಕಣ್ಣು ಬಿಡುತ್ತಿದ್ದೆ. ಹತ್ತೇ ನಿಮಿಷಕ್ಕೆ ಎದ್ದು ಕುಳಿತೆ. ಪಕ್ಕದ ಮರದಡಿ ಮಲಗಿದ್ದ ಅಣ್ಣ ಮಗ್ಗುಲು ಬದಲಿಸಿ ಗೊರಕೆ ಮುಂದುವರಿಸಿದ.