ಎಂಜಿನ್ನಿನ ಕಟಕಟ ಸದ್ದು: ಬಿಚ್ಚಿಸುವ ಮೊದಲು ಕೇಳಿರಿ

ಮೋಟಾರು ಸೈಕಲು ಈಗ ಸಿರಿವಂತರ ಷೋಕಿಯ ವಾಹನವಾಗಿ ಉಳಿದಿಲ್ಲ. ಬೆಳಗಿನ ಜಾವ ಹೋಟೆಲಿನ ಬಾಗಿಲು ತೆರೆಯಲು ಹೋಗುವ ನಮ್ಮವರು, ಕಡೆಯ ಲೋಕಲ್ ಗಾಡಿ ತಪ್ಪಿದ ಮೇಲೂ ಮನೆ ಸೇರಬೇಕಾದ ಗುಮಾಸ್ತರು, ಮಳೆಯಲ್ಲಿ ತಿಂಡಿಯ ಪೊಟ್ಟಣ ಹೊತ್ತು ಮನೆಮನೆಗೆ ಮುಟ್ಟಿಸುವ ಹುಡುಗರು, ಇವರೆಲ್ಲರಿಗೂ ಅದು ಅನ್ನದ ಸಾಧನ. ಅನೇಕರ ಗಾಡಿ ಒಬ್ಬಿಬ್ಬರ ಕೈದಾಟಿ ಬಂದದ್ದು. ಇಂತಹ ಗಾಡಿಯಿಂದ ಒಂದು ದಿನ ಇದ್ದಕ್ಕಿದ್ದಂತೆ, ಡಬ್ಬಿಯೊಳಗೆ ಮೊಳೆ ಹಾಕಿ ಕುಲುಕಿದಂತಹ ಸದ್ದು ಹೊರಟರೆ ಸವಾರನ ಎದೆ ಧಸಕ್ಕೆನ್ನುವುದು ಸಹಜವೇ. ಗ್ಯಾರೇಜಿನವನು ಎರಡು ಸಲ ಎಕ್ಸಿಲರೇಟರ್ ತಿರುವಿ, ತಲೆಯಾಡಿಸಿ, “ಎಂಜಿನ್ ಇಳಿಸಬೇಕು” ಎಂದುಬಿಡುತ್ತಾನೆ. ಆ ಒಂದು ಮಾತಿಗೆ ಒಂದು ತಿಂಗಳ ಸಂಬಳದ ಬಹುಭಾಗ ಹಾರಿಹೋಗುವುದುಂಟು.

ಮೆಕ್ಯಾನಿಕ್‌ಗಳೆಲ್ಲ ಮೋಸಗಾರರೆಂದು ಹೇಳುವುದು ನನ್ನ ಉದ್ದೇಶವಲ್ಲ. ಕಿವಿಯಿಂದಲೇ ರೋಗ ಹಿಡಿಯುವ ನಿಪುಣರು ಅವರಲ್ಲಿದ್ದಾರೆ. ಆದರೆ ಅವಸರದಲ್ಲಿರುವವನಿಗೆ ಸದ್ದನ್ನು ವಿಚಾರಿಸುವುದಕ್ಕಿಂತ ಎಂಜಿನ್ ಬಿಚ್ಚುವುದೇ ಸುಲಭ, ಲಾಭವೂ ಅದರಲ್ಲೇ ಹೆಚ್ಚು. ಆದುದರಿಂದ ಗಾಡಿಯ ಒಡೆಯನು ತಾನೇ ಮೊದಲು ಸದ್ದನ್ನು ವಿಚಾರಿಸಿಕೊಂಡು ಹೋಗುವುದು ಕ್ಷೇಮಕರ. ಇದಕ್ಕೆ ಇಂಜಿನಿಯರಿಂಗ್ ವಿದ್ಯೆಯೇನೂ ಬೇಕಿಲ್ಲ. ಹೋಟೆಲಿನ ರುಬ್ಬುವ ಯಂತ್ರದ ಬಳಿ ಹತ್ತು ವರ್ಷ ನಿಂತ ಭಟ್ಟರನ್ನು ಕೇಳಿ ನೋಡಿರಿ. ಹಿಟ್ಟಿಗೆ ನೀರು ಸಾಲದಾದಾಗಿನ ಸದ್ದು ಬೇರೆ, ಬೆಲ್ಟು ಸಡಿಲವಾದಾಗಿನದು ಬೇರೆ, ಬೇರಿಂಗ್ ಸವೆದಾಗಿನದು ಬೇರೆ ಎಂದು ಅವರು ಕಣ್ಣೆತ್ತದೆಯೇ ಹೇಳಬಲ್ಲರು. ಆ ಕಿವಿಯೇ ಇಲ್ಲಿಯೂ ಸಾಕು.

ಸದ್ದು ಎಲ್ಲಿಂದ ಬರುತ್ತಿದೆ ಎಂದು ಎಲ್ಲರೂ ಮೊದಲು ಕೇಳುತ್ತಾರೆ. ಆ ಪ್ರಶ್ನೆಗೆ ಬರಿಯ ಕಿವಿ ಕೊಡುವ ಉತ್ತರವನ್ನು ನಂಬಲಾಗದು. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಸಾಗುವ ಶಬ್ದ ಉಕ್ಕಿನಲ್ಲಿ ಸುಮಾರು 5000 ಮೀಟರು ಸಾಗುತ್ತದೆ. ಹಿಂದಿನ ತುದಿಯ ಒಂದು ಸಡಿಲ ಬೋಲ್ಟಿನ ಗಲಾಟೆ ಚೌಕಟ್ಟಿನ ಮೂಲಕ ಹರಿದು ನಿಮ್ಮ ಕಾಲಡಿಯ ಎಂಜಿನ್ನಿನಿಂದಲೇ ಎದ್ದಂತೆ ಕೇಳಿಸಬಹುದು. ಆದುದರಿಂದ ಮೊದಲು ಕೇಳಬೇಕಾದುದು, ಸದ್ದು ಯಾವಾಗ ಬರುತ್ತದೆ ಎಂಬುದನ್ನು. ಬೆಳಿಗ್ಗೆ ತಣ್ಣಗಿರುವಾಗಲೋ, ಬಿಸಿಯಾದ ಮೇಲೋ? ನಿಂತಾಗಲೂ ಉಂಟೋ, ಓಡುವಾಗ ಮಾತ್ರವೋ? ಏರು ಹತ್ತುವಾಗಲೋ, ಎಕ್ಸಿಲರೇಟರ್ ಬಿಟ್ಟಾಗಲೋ? ಕ್ಲಚ್ ಹಿಡಿದರೆ ಏನಾಗುತ್ತದೆ? ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಗಾಡಿಯನ್ನು ನಿಲ್ಲಿಸಿ, ನ್ಯೂಟ್ರಲಿನಲ್ಲಿಟ್ಟು, ಎಂಜಿನ್ನಿನ ವೇಗವನ್ನು ಏರಿಸಿ ಇಳಿಸಿದಾಗ ಸದ್ದು ಕೇಳದೆ, ಓಡುವಾಗ ಮಾತ್ರ ಕೇಳುವುದಾದರೆ ಸಂಶಯ ಮೊದಲು ಹೋಗಬೇಕಾದುದು ಹಿಂದಿನ ಚಕ್ರದ ಚೈನು, ಸ್ಪ್ರಾಕೆಟ್, ಚೈನಿನ ಮುಚ್ಚಳ ಮುಂತಾದುವುಗಳ ಮೇಲೆ. ನಿಂತಾಗಲೂ ಇದ್ದು, ಕ್ಲಚ್ ಹಿಡಿದೊಡನೆ ನಿಂತುಹೋದರೆ ಕ್ಲಚ್ಚು ಅಥವಾ ಗಿಯರ್ ಪೆಟ್ಟಿಗೆಯ ಕಡೆ ನೋಡಬೇಕು. ಎಂಜಿನ್ ತೀರ ನಿಧಾನವಾಗಿ ತಿರುಗುವಂತೆ ಸ್ಕ್ರೂ ತಿರುವಿಟ್ಟಿದ್ದರೂ ಒಳಗಿನ ಹಲ್ಲುಗಳು ಗಲಗಲ ಎನ್ನುವುದುಂಟು. ಅದಕ್ಕೆ ಆ ಸ್ಕ್ರೂವನ್ನು ಅರ್ಧ ಸುತ್ತು ತಿರುವುವುದೇ ಮದ್ದು.

ಇನ್ನು ಕೆಲವು ಸದ್ದುಗಳು ಒಂದು ನಿಶ್ಚಿತ ವೇಗದಲ್ಲಿ ಮಾತ್ರ ಕೇಳಿಸಿ, ಅದಕ್ಕಿಂತ ಮೇಲೂ ಕೆಳಗೂ ಮಾಯವಾಗುತ್ತವೆ. ರೈಲು ಹಳಿಯ ಪಕ್ಕದ ಚಾಳಿನಲ್ಲಿ ಇದ್ದವರಿಗೆ ಇದರ ಗುಟ್ಟು ಗೊತ್ತು. ಗಾಡಿ ಹಾದುಹೋಗುವಾಗ ಹಲಗೆಯ ಮೇಲಿನ ಪಾತ್ರೆಗಳಲ್ಲಿ ಒಂದು ಲೋಟ ಮಾತ್ರ ಕಣಕಣಿಸುತ್ತದೆ, ಉಳಿದುವು ಸುಮ್ಮನಿರುತ್ತವೆ. ಪ್ರತಿಯೊಂದು ವಸ್ತುವಿಗೂ ತನಗೆ ಒಗ್ಗಿದ ಒಂದು ಕಂಪನವಿರುವುದೇ ಕಾರಣ. ಅಂಧೇರಿಯ ಹೋಟೆಲೊಂದರಲ್ಲಿ ಸಪ್ಲೈಯರ್ ಆಗಿರುವ ನಮ್ಮ ಪರಿಚಯದ ತರುಣನೊಬ್ಬನ ಗಾಡಿ 40 ಕಿಲೋಮೀಟರ್ ವೇಗ ಮುಟ್ಟಿದೊಡನೆ ಗಡಗಡಿಸುತ್ತಿತ್ತು, 45 ದಾಟಿದರೆ ಮೌನ. ಬೋರ್ ಮಾಡಿಸಬೇಕೆಂದು ಒಂದು ಗ್ಯಾರೇಜಿನಲ್ಲಿ ಹೇಳಿದ್ದರು. ಬೋರು ಸವೆದ ಗಾಡಿಯ ಸದ್ದು ಹೀಗೆ ಗಡಿಯಾರ ನೋಡಿ ಬಂದು ಹೋಗುವುದಿಲ್ಲ. ಬಗ್ಗಿ ನೋಡಿದರೆ ಸೈಲೆನ್ಸರಿನ ಮೇಲಿನ ತಗಡಿನ ಕವಚಕ್ಕೆ ಇರಬೇಕಾದ ಸ್ಕ್ರೂಗಳಲ್ಲಿ ಒಂದು ಬಿದ್ದುಹೋಗಿತ್ತು. ಎಂಜಿನ್ನನ್ನು ಚೌಕಟ್ಟಿಗೆ ಬಿಗಿದ ಬೋಲ್ಟುಗಳು, ನಂಬರ್ ಪ್ಲೇಟು, ಕಾಲಿಡುವ ಸರಳು, ಸೈಲೆನ್ಸರಿನ ಒಳತಗಡು, ಇವೆಲ್ಲವನ್ನೂ ಎಂಜಿನ್ ತಣ್ಣಗಿರುವಾಗ ಕೈಯಿಂದ ಅಲುಗಿಸಿ ನೋಡುವುದಕ್ಕೆ ಖರ್ಚು ಒಂದು ಕಾಸೂ ಇಲ್ಲ.

ಹೊರಗಿನದೆಲ್ಲ ಭದ್ರವಾಗಿದ್ದರೆ ಮುಂದಿನ ಪರೀಕ್ಷೆ ಎಣ್ಣೆಯದು. ಸಣ್ಣ ಗಾಡಿಗಳ ಎಂಜಿನ್ನಿನಲ್ಲಿರುವುದು ಸುಮಾರು ಒಂದು ಲೀಟರು ಎಣ್ಣೆ. ಅದರಲ್ಲಿ ಕಾಲುಭಾಗ ಕಡಿಮೆಯಾದರೂ ಮೇಲಿನ ಭಾಗಗಳು ಒಣಗಿ ಕಟಕಟಿಸತೊಡಗುತ್ತವೆ. ಗಾಡಿಯನ್ನು ನೆಟ್ಟಗೆ ನಿಲ್ಲಿಸಿ ಅಳತೆ ಕಡ್ಡಿಯನ್ನು ಒರೆಸಿ ನೋಡಬೇಕು. ಹಳೆಯ ಎಣ್ಣೆ ನೀರಾಗಿದ್ದರೆ ಬದಲಾಯಿಸಿ, ಒಂದೆರಡು ದಿನ ಓಡಿಸಿ, ಅನಂತರ ಸದ್ದಿನ ವಿಚಾರ. ಎಣ್ಣೆಯೇ ಇಲ್ಲದ ಎಂಜಿನ್ನಿನ ಸದ್ದನ್ನು ಕೇಳುತ್ತ ಕೂರುವುದು, ಹಸಿದವನನ್ನು ಕೂರಿಸಿ ನಾಡಿ ನೋಡಿದಂತೆ.

ಈಗ ಒಳಗಿನ ಮಾತು. 1994ರಲ್ಲಿ ಹೀರೋ ಹೋಂಡಾ ಹೆಸರಿನಲ್ಲಿ ಹೊರಬಂದ ಸ್ಪ್ಲೆಂಡರ್ ಮತ್ತು ಅದರಂತಹ ನೂರು ಸಿ.ಸಿ. ಗಾಡಿಗಳಲ್ಲಿ ಪೆಟ್ರೋಲಿನ ಹಬೆ ಒಳಬರಲು ಒಂದು, ಹೊಗೆ ಹೊರಹೋಗಲು ಒಂದು, ಹೀಗೆ ಎರಡು ವಾಲ್ವುಗಳಿವೆ. ಅವುಗಳನ್ನು ಒತ್ತುವ ಟ್ಯಾಪೆಟ್ಟಿಗೂ ವಾಲ್ವಿಗೂ ನಡುವೆ ಕೂದಲೆಳೆಯಷ್ಟು ಸಂದು ಬೇಕೇ ಬೇಕು. ಆ ಸಂದು ಹೆಚ್ಚಾದರೆ ಹೊಲಿಗೆ ಯಂತ್ರದಂತೆ ಹಗುರವಾದ ಟಿಕ್‌ಟಿಕ್ ಸದ್ದು ಸಿಲಿಂಡರಿನ ಮೇಲಿನ ತಲೆಯಿಂದ ಬರುತ್ತದೆ. ಕ್ರ್ಯಾಂಕು ಎರಡು ಸುತ್ತು ತಿರುಗಿದಾಗ ವಾಲ್ವು ಒಮ್ಮೆ ಮಾತ್ರ ತೆರೆಯುವುದರಿಂದ, ಎಂಜಿನ್ನಿನ ಓಟಕ್ಕಿಂತ ಈ ಸದ್ದಿನ ತಾಳ ನಿಧಾನ. ಇದನ್ನು ಸರಿಪಡಿಸುವುದು ಅರ್ಧ ಗಂಟೆಯ ಕೆಲಸ. ಎಂಜಿನ್ ಪೂರ್ತಿ ತಣ್ಣಗಿರುವಾಗ, ಗಾಡಿಯ ಪುಸ್ತಕದಲ್ಲಿ ಹೇಳಿದ ದಪ್ಪದ ತೆಳುವಾದ ಉಕ್ಕಿನ ಪಟ್ಟಿಯನ್ನು ಸಂದಿನಲ್ಲಿಟ್ಟು ಹೊಂದಿಸಬೇಕು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಗಿರಾಕಿಯನ್ನು ಮೆಚ್ಚಿಸಲು ಕೆಲವರು ಸದ್ದು ಪೂರ್ತಿ ನಿಲ್ಲುವವರೆಗೆ ಟ್ಯಾಪೆಟ್ ಬಿಗಿಯುತ್ತಾರೆ. ಗಿರಾಕಿಯೂ ಸಂತೋಷದಿಂದ ಹಣ ಕೊಟ್ಟು ಹೋಗುತ್ತಾನೆ. ಆದರೆ ಉಕ್ಕು ಬಿಸಿಯಾದಾಗ ಹಿಗ್ಗುತ್ತದೆ. ಸಂದಿಲ್ಲದ ವಾಲ್ವು ಹಿಗ್ಗಿದಾಗ ತನ್ನ ಪೀಠದ ಮೇಲೆ ಪೂರ್ತಿ ಕೂರಲಾರದು. ಹೊಗೆಯ ವಾಲ್ವು ತನ್ನ ಕಾವನ್ನು ಆ ಪೀಠಕ್ಕೆ ದಾಟಿಸಿಯೇ ತಣಿಯಬೇಕಾದುದರಿಂದ, ಕೂರಲು ನೆಲೆಯಿಲ್ಲದೆ ಅಂಚು ಸುಟ್ಟುಹೋಗುತ್ತದೆ. ಟಿಕ್‌ಟಿಕ್ ಎನ್ನುತ್ತ ವರ್ಷಗಟ್ಟಲೆ ಓಡಬಹುದಾಗಿದ್ದ ಎಂಜಿನ್ನು ಮೌನವಾಗಿಯೇ ಹಾಳಾಗುವುದು ಹೀಗೆ. ಇಂತಹ ಗಾಡಿಗಳಲ್ಲಿ ತುಸು ಟ್ಯಾಪೆಟ್ ಸದ್ದು ಆರೋಗ್ಯದ ಲಕ್ಷಣವೆಂದೇ ನನ್ನ ಅಭಿಪ್ರಾಯ.

ಟಿಕ್‌ಟಿಕ್ ಅಲ್ಲದೆ, ಸರಪಳಿಯನ್ನು ಡಬ್ಬಿಯಲ್ಲಿ ಎಳೆದಂತೆ ಕರಕರ ಎನ್ನುತ್ತಿದ್ದರೆ, ಅದರಲ್ಲಿಯೂ ಸ್ಟಾರ್ಟ್ ಮಾಡಿದೊಡನೆ ಮತ್ತು ಎಕ್ಸಿಲರೇಟರನ್ನು ತಟ್ಟನೆ ಬಿಟ್ಟಾಗ ಹೆಚ್ಚಾಗುತ್ತಿದ್ದರೆ, ಅದು ಟೈಮಿಂಗ್ ಚೈನಿನ ಮಾತು. ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವುದು ಈ ಚೈನೇ. ಅದು ಜೋತುಬೀಳದಂತೆ ಒತ್ತಿಹಿಡಿಯುವ ಟೆನ್ಷನರ್ ಸೋತರೆ ಚೈನು ಕವಚಕ್ಕೆ ಬಡಿಯುತ್ತದೆ. ಇದನ್ನು ಮುಂದೂಡಬಾರದು. ಒಂದು ಹಲ್ಲು ಹಾರಿತೆಂದರೆ ವಾಲ್ವುಗಳ ಹೊತ್ತು ತಪ್ಪುತ್ತದೆ, ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ.

ತಣ್ಣನೆಯ ಎಂಜಿನ್ನಿನಲ್ಲಿ ಟಕಟಕ ಎಂದು ಎದ್ದು, ನಾಲ್ಕೈದು ನಿಮಿಷ ಓಡಿದ ಮೇಲೆ ಅಡಗುವ ಸದ್ದು ಸಾಮಾನ್ಯವಾಗಿ ಪಿಸ್ಟನ್ನಿನದು. ಅಲ್ಯುಮಿನಿಯಮ್ಮಿನ ಪಿಸ್ಟನ್ನು ಕಬ್ಬಿಣದ ಸಿಲಿಂಡರಿಗಿಂತ ಹೆಚ್ಚು ಹಿಗ್ಗುವುದರಿಂದ ಬಿಸಿಯಾದಾಗ ಸಂದು ತಾನೇ ತುಂಬುತ್ತದೆ. ಹೊಗೆ ನೀಲಿಯಾಗದೆ, ಎಣ್ಣೆ ಕಡಿಮೆಯಾಗದೆ ಇದ್ದರೆ ಇದಕ್ಕಾಗಿ ಇಂದೇ ಸಾಲ ಮಾಡಬೇಕಾದ ಅಗತ್ಯವಿಲ್ಲ. ಖಂಡಾಲದ ಘಾಟಿಯಂತಹ ಏರಿನಲ್ಲಿ ಮೇಲಿನ ಗಿಯರಿನಲ್ಲೇ ಎಕ್ಸಿಲರೇಟರ್ ತಿರುವಿದಾಗ ಗಾಜಿನ ಗುಂಡು ಉರುಳಿದಂತೆ ಚಿಟಚಿಟಿಸಿದರೆ, ಒಳಗೆ ಪೆಟ್ರೋಲು ಅಕಾಲದಲ್ಲಿ ಸಿಡಿಯುತ್ತಿದೆಯೆಂದು ಅರ್ಥ. ಗಿಯರ್ ಇಳಿಸಬೇಕು, ಪೆಟ್ರೋಲು ತುಂಬಿಸುವ ಬಂಕನ್ನು ಬದಲಾಯಿಸಿ ನೋಡಬೇಕು. ಸೀಮೆಎಣ್ಣೆಯ ಕಲಬೆರಕೆ, ತಲೆಯೊಳಗೆ ಕಟ್ಟಿದ ಮಸಿ, ಎರಡೂ ಇದಕ್ಕೆ ಕಾರಣವಾಗಬಲ್ಲವು.

ಒಂದು ಸದ್ದಿಗೆ ಮಾತ್ರ ರಿಯಾಯಿತಿ ಇಲ್ಲ. ಎಂಜಿನ್ನಿನ ಬುಡದಿಂದ, ಭಾರ ಹೊತ್ತಾಗ, ಒಳಗೆ ಯಾರೋ ಸುತ್ತಿಗೆಯಿಂದ ಗುದ್ದಿದಂತೆ ಡಬ್‌ಡಬ್ ಎಂದು ಕೇಳಿಸಿ, ಬಿಸಿಯಾದಷ್ಟೂ ಹೆಚ್ಚಾಗುತ್ತಿದ್ದರೆ ಅದು ಕ್ರ್ಯಾಂಕಿನ ಬೇರಿಂಗಿನ ಕೂಗು. ಅಲ್ಲಿಯೇ ನಿಲ್ಲಿಸಿ, ತಳ್ಳಿಕೊಂಡಾದರೂ ಹೋಗಿರಿ. ಓಡುವಾಗ ಎಂಜಿನ್ ಕಚ್ಚಿಕೊಂಡರೆ ಹಿಂದಿನ ಚಕ್ರ ನಿಂತುಬಿಡುತ್ತದೆ, ಹಿಂದೆ ಬರುವ ಬಸ್ಸು ನಿಲ್ಲುವುದಿಲ್ಲ. ಎಂಜಿನ್ ಇಳಿಸಬೇಕೆಂಬ ಮಾತು ಸತ್ಯವಾಗುವುದು ಇಲ್ಲಿ. ಹೊರಗಿನ ಅಗ್ಗದ ಸಂಶಯಗಳನ್ನು ಮೊದಲೇ ತೀರಿಸಿಕೊಂಡವನಿಗೆ ಈ ಖರ್ಚಿನ ಹೊತ್ತಿನಲ್ಲಿ ಕೈಯಲ್ಲಿ ನಾಲ್ಕು ಕಾಸು ಉಳಿದಿರುತ್ತದೆ.

ಹಳೆಯ ಗಾಡಿಗಳ ಪ್ರಿಯರಿಗೆ ಎರಡು ಮಾತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅಲ್ಲಿ ತಯಾರಾದ ಜಾವಾ, ಯೆಜ್ದಿ ಗಾಡಿಗಳನ್ನು ಇಂದಿಗೂ ಮಕ್ಕಳಂತೆ ಸಾಕುವವರು ನಮ್ಮವರಲ್ಲಿದ್ದಾರೆ. ಆ ಎಂಜಿನ್ನಿನಲ್ಲಿ ವಾಲ್ವುಗಳೇ ಇಲ್ಲ. ಆದುದರಿಂದ ಅದಕ್ಕೆ ಟ್ಯಾಪೆಟ್ ಸರಿಮಾಡುತ್ತೇನೆಂದು ಯಾವನಾದರೂ ಹೇಳಿದರೆ ಗಾಡಿಯನ್ನು ಹಿಂದಕ್ಕೆ ತಿರುಗಿಸಿಬಿಡಿರಿ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಹಳೆಯ ಬುಲೆಟ್ಟಿನಲ್ಲಿ ವಾಲ್ವು ಒತ್ತುವ ಉದ್ದನೆಯ ಕಡ್ಡಿ ಬೆರಳಿಗೆ ಸುಲಭವಾಗಿ ತಿರುಗಬೇಕು, ಮೇಲೆ ಕೆಳಗೆ ಅಲುಗಬಾರದು. ಅಳತೆಯ ಪಟ್ಟಿ ಬೇಡದ ಸರಳ ಪರೀಕ್ಷೆ ಅದು.

ಎಲ್ಲಿ ಎಂಬ ಪ್ರಶ್ನೆಗೆ ಕಡೆಯಲ್ಲಿ ಉತ್ತರ ಕಂಡುಕೊಳ್ಳಲು ಒಂದು ಉದ್ದನೆಯ ಸ್ಕ್ರೂ ಡ್ರೈವರ್ ಸಾಕು. 1816ರಲ್ಲಿ ಪ್ಯಾರಿಸಿನ ವೈದ್ಯ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗೆ ಹಿಡಿದು ಸ್ಟೆತಾಸ್ಕೋಪಿಗೆ ನಾಂದಿ ಹಾಡಿದನು. ಉಪಾಯ ಇಲ್ಲಿಯೂ ಅದೇ. ತುದಿಯನ್ನು ಎಂಜಿನ್ನಿನ ಕವಚದ ಮೇಲೂ ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೂ ಒತ್ತಿ, ಒಂದೊಂದೇ ಜಾಗ ಸರಿಸುತ್ತ ಹೋದರೆ ಸದ್ದು ಎಲ್ಲಿ ಜೋರಾಗಿದೆಯೆಂದು ತಿಳಿಯುತ್ತದೆ. ತಿರುಗುವ ಚೈನಿನ ಬಳಿ ಲುಂಗಿಯ ಅಂಚು ಸುಳಿಯಬಾರದು. ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಬಾರದು, ಆ ಹೊಗೆ ಪ್ರಾಣ ತೆಗೆಯುತ್ತದೆ.

ಹಳೆಯ ಗಾಡಿ ಕೊಳ್ಳಲು ಹೊರಟವರಿಗೂ ಇದೇ ವಿದ್ಯೆ ಉಪಯುಕ್ತ. ಮಾರುವವನು ನೀವು ಬರುವ ಮೊದಲೇ ಎಂಜಿನ್ ಬಿಸಿಮಾಡಿ, ದಪ್ಪ ಎಣ್ಣೆ ಸುರಿದು ಸದ್ದನ್ನು ಅಡಗಿಸಿಟ್ಟಿರಬಹುದು. ಮಾತಿಗೆ ತೊಡಗುವ ಮುನ್ನ ಎಂಜಿನ್ನಿನ ಹತ್ತಿರ ಅಂಗೈ ಹಿಡಿದು ನೋಡಿರಿ. ಕಾವು ತಟ್ಟಿದರೆ, ನಾಳೆ ಬೆಳಿಗ್ಗೆ ಬರುತ್ತೇನೆ, ಅಲ್ಲಿಯವರೆಗೆ ಸ್ಟಾರ್ಟ್ ಮಾಡಬೇಡಿರೆಂದು ಹೇಳಿರಿ. ಅದಕ್ಕೆ ಅವನು ಒಪ್ಪದಿದ್ದರೆ ಬೇರೆ ಗಾಡಿ ನೋಡುವುದು ಲೇಸು.