ನಾವು ಮೆಚ್ಚಿದ ನಗೆಗಾರರು

ವೇಷವಿಲ್ಲ, ಪರದೆಯಿಲ್ಲ, ಹಿಮ್ಮೇಳವಿಲ್ಲ, ಆಶ್ರಯಿಸಿಕೊಳ್ಳಲು ಒಂದು ಕಥೆಯೂ ಇಲ್ಲ. ಒಬ್ಬಾತನು ಧ್ವನಿವರ್ಧಕದ ಮುಂದೆ ಏಕಾಕಿಯಾಗಿ ನಿಂತು, ತಾನು ಕಂಡುದನ್ನೂ ಉಂಡುದನ್ನೂ ನೊಂದುದನ್ನೂ ಹೇಳುತ್ತ, ಕತ್ತಲೆಯಲ್ಲಿ ಕುಳಿತ ನೂರಾರು ಮಂದಿ ಅಪರಿಚಿತರನ್ನು ನಗಿಸಬೇಕು. ಅವರು ನಗದಿದ್ದರೆ ಆ ಕ್ಷಣದಲ್ಲಿಯೇ ಅವನ ಸೋಲು ಜಗಜ್ಜಾಹೀರಾಗುವುದು. ಇಂಗ್ಲಿಷಿನಲ್ಲಿ ಸ್ಟ್ಯಾಂಡ್‌ಅಪ್ ಕಾಮೆಡಿಯೆಂದು ಕರೆಯಲ್ಪಡುವ ಈ ಕಲೆಯು ಅಮೇರಿಕೆಯ ನಾಟಕಶಾಲೆಗಳಲ್ಲಿಯೂ ರಾತ್ರಿಯ ಕ್ಲಬ್ಬುಗಳಲ್ಲಿಯೂ ಬೆಳೆದು, ಈಗ ನಮ್ಮ ದೇಶದ ನಗರಗಳಲ್ಲಿಯೂ ಬೇರೂರಿದೆ. ಸಂಸ್ಕೃತ ನಾಟಕದ ವಿದೂಷಕನನ್ನೂ, ಯಕ್ಷಗಾನದ ಹಾಸ್ಯಗಾರನನ್ನೂ, ಕೇರಳದ ಕೂತ್ತಂಬಲದಲ್ಲಿ ಸಭಿಕರನ್ನೇ ಚುಚ್ಚಿ ನುಡಿಯುವ ಚಾಕ್ಯಾರನನ್ನೂ ಬಲ್ಲ ನಮಗೆ ಇದರ ಮೂಲತತ್ತ್ವವು ಹೊಸದಲ್ಲ. ಆದರೆ ಅವರಿಗೆಲ್ಲ ಪುರಾಣದ ಅಥವಾ ನಾಟಕದ ಮರೆಯೊಂದಿತ್ತು. ಈ ಹೊಸ ನಗೆಗಾರನಿಗೆ ಆ ಮರೆಯಿಲ್ಲ. ತಾನಾಡಿದ ಮಾತಿಗೆ ತನ್ನ ಹೆಸರಿನಲ್ಲಿ ತಾನೇ ಹೊಣೆಗಾರನು.

ನಾವು ಬಹುಕಾಲದಿಂದ ಆದರದಿಂದ ಕೇಳಿಕೊಂಡು ಬಂದಿರುವ ನಾಲ್ವರು ನಗೆಗಾರರನ್ನು ಇಂದು ವಾಚಕರಿಗೆ ಪರಿಚಯಿಸಬಯಸುತ್ತೇವೆ. ನಾಲ್ವರೂ ಅಮೇರಿಕೆಯವರು, ನಾಲ್ವರೂ ಈಗ ಕಾಲಾಧೀನರಾಗಿದ್ದಾರೆ. ಅವರು ನಮ್ಮನ್ನು ಬಿದ್ದುಬಿದ್ದು ನಗುವಂತೆ ಮಾಡಿದರೆಂಬುದು ನಮ್ಮ ಮೆಚ್ಚುಗೆಗೆ ಮೊದಲನೆಯ ಕಾರಣ. ನಗಿಸುವವನು ಮಿತಿಮೀರಿದರೆ ಅವನನ್ನು ತಿದ್ದತಕ್ಕವರಾರು, ಪೋಲೀಸರೋ, ಸಭಿಕರೋ, ಅವನ ಅಂತಃಸಾಕ್ಷಿಯೋ ಎಂಬ ಪ್ರಶ್ನೆಗೆ ಅವರ ಜೀವನಗಳಲ್ಲಿ ಉತ್ತರವಿದೆಯೆಂಬುದು ಎರಡನೆಯ ಕಾರಣ. ಆ ಪ್ರಶ್ನೆಯು ನಮ್ಮ ರಾಜ್ಯದ ಬಾಗಿಲಿಗೂ ಬಂದು ನಿಂತಿರುವುದರಿಂದ ಈ ಲೇಖನವು ಕೇವಲ ವಿನೋದಕ್ಕಾಗಿ ಬರೆದುದಲ್ಲ.

ಮೊದಲನೆಯವರು ಡಿಕ್ ಗ್ರೆಗರಿ. 1932ರಲ್ಲಿ ಸೇಂಟ್ ಲೂಯಿ ನಗರದ ಬಡ ಕಪ್ಪು ಕುಟುಂಬವೊಂದರಲ್ಲಿ ಇವರ ಜನನವಾಯಿತು. 1961ನೆಯ ಇಸವಿಯ ಜನವರಿ 13ರ ರಾತ್ರಿ ಶಿಕಾಗೋದ ಪ್ಲೇಬಾಯ್ ಕ್ಲಬ್ಬಿನಿಂದ, ಬೇರೊಬ್ಬ ಹಾಸ್ಯಗಾರರ ಬದಲಿಗೆ ಇವರಿಗೆ ಕರೆ ಬಂದಿತು. ಅಂದು ನೆರೆದಿದ್ದವರಲ್ಲಿ ಬಹುಮಂದಿ ದಕ್ಷಿಣ ಸಂಸ್ಥಾನಗಳಿಂದ ಬಂದ ಬಿಳಿಯ ವ್ಯಾಪಾರಿಗಳು. ವರ್ಣಭೇದವೇ ಶಾಸನವಾಗಿದ್ದ ಸೀಮೆಯ ಜನರು. ಇಂಥವರ ಮುಂದೆ ಕಪ್ಪು ನಗೆಗಾರನನ್ನು ನಿಲ್ಲಿಸಲು ಕ್ಲಬ್ಬಿನವರೇ ಅಳುಕಿದರು. ಗ್ರೆಗರಿಯವರು ಅಳುಕಲಿಲ್ಲ. ಕಪ್ಪುಜನರನ್ನು ಒಳಗೆ ಬಿಡದ ಹೋಟೆಲುಗಳನ್ನೂ, ಬಸ್ಸಿನ ಹಿಂದಿನ ಆಸನಗಳನ್ನೂ ಕುರಿತು ಅವರು ಸಿಡುಕದೆ, ಗೋಗರೆಯದೆ, ಸಿಗರೇಟಿನ ಹೊಗೆಯ ನಡುವೆ ಮೆಲುದನಿಯಲ್ಲಿ ಮಾತನಾಡಿದರು. ಮೊದಲು ಕಾಲೆಳೆದ ಸಭೆಯೇ ಕೊನೆಗೆ ಅವರನ್ನು ಬಿಡಲೊಲ್ಲದಾಯಿತು. ಒಂದು ರಾತ್ರಿಯ ಬದಲಿ ಕೆಲಸವು ವಾರಗಳ ಕಾಲದ ಕರಾರಾಗಿ ಮಾರ್ಪಟ್ಟಿತು.

ಅದೇ ವರುಷ ಜ್ಯಾಕ್ ಪಾರರ ಪ್ರಸಿದ್ಧ ದೂರದರ್ಶನ ಕಾರ್ಯಕ್ರಮದಿಂದ ಆಹ್ವಾನ ಬಂದಾಗ ಗ್ರೆಗರಿಯವರು ಒಂದು ಷರತ್ತನ್ನು ಮುಂದಿಟ್ಟರು. ಕಪ್ಪು ಕಲಾವಿದರು ತಮ್ಮ ಪಾಠವನ್ನೊಪ್ಪಿಸಿ ಹೊರಟುಹೋಗುವುದು, ಬಿಳಿಯರು ಮಾತ್ರ ಪಾರರ ಬಳಿಯ ಸೋಫಾದಲ್ಲಿ ಕುಳಿತು ಹರಟುವುದು ಅಲ್ಲಿಯ ರೂಢಿಯಾಗಿತ್ತು. ತನಗೂ ಕುಳ್ಳಿರಲು ಆಸನವಿದ್ದರೆ ಬರುವೆನು, ಇಲ್ಲವಾದರೆ ಬಾರೆನೆಂದು ಅವರು ಹೇಳಿದರು, ಆಸನ ದೊರೆಯಿತು. ಕೀರ್ತಿಯೂ ಹಣವೂ ಕೈಸೇರಿದ ಮೇಲೆ ಅವರು ಅವನ್ನು ಕಾಪಾಡಿಕೊಂಡು ಕೂಡಲಿಲ್ಲ. 1963ರಲ್ಲಿ ಮಿಸಿಸಿಪಿಯ ಹಸಿದ ಬಡವರಿಗೆ ವಿಮಾನದಲ್ಲಿ ಆಹಾರವನ್ನೊಯ್ದರು. ಅದೇ ವರುಷ ಬರ್ಮಿಂಗ್‌ಹ್ಯಾಮಿನ ಸತ್ಯಾಗ್ರಹದಲ್ಲಿ ಸೆರೆಮನೆ ಸೇರಿದರು. 1965ರಲ್ಲಿ ಲಾಸ್ ಎಂಜಲೀಸಿನ ವಾಟ್ಸ್ ಗಲಭೆಯಲ್ಲಿ ಜನರನ್ನು ಶಾಂತಗೊಳಿಸಹೋಗಿ ಕಾಲಿಗೆ ಗುಂಡೇಟು ತಿಂದರು. ವಿಯೆಟ್ನಾಮ್ ಯುದ್ಧದ ವಿರುದ್ಧ ಅವರು ಹಿಡಿದ ಆಯುಧವು ಉಪವಾಸ. ಅದರ ಮಹಿಮೆಯನ್ನು ಗಾಂಧೀಜಿಯವರ ದೇಶಕ್ಕೆ ವಿವರಿಸಬೇಕಾದುದಿಲ್ಲ. 2017ರಲ್ಲಿ ತೀರಿಕೊಂಡ ಈ ಮಹಾಶಯರು, ನಗಿಸುವವನು ನಗೆಯಿಂದಾಚೆಗೂ ಹೊಣೆಯುಳ್ಳವನೆಂಬುದನ್ನು ನಡೆದು ತೋರಿಸಿದರು.

ಎರಡನೆಯವರು ಲೆನಿ ಬ್ರೂಸ್. 1925ರಲ್ಲಿ ನ್ಯೂಯಾರ್ಕ್ ಸಂಸ್ಥಾನದಲ್ಲಿ ಜನಿಸಿದ ಯಹೂದಿ. ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿದವರು. ಅವರಿಗಿಂತ ಮೊದಲಿನ ಹಾಸ್ಯಗಾರರಲ್ಲಿ ಬಹುಮಂದಿ ಅತ್ತೆ, ಹೆಂಡತಿ, ಕುಡುಕರನ್ನು ಕುರಿತ ಸಿದ್ಧ ಚಟಾಕಿಗಳನ್ನು ಸರದಿಯಲ್ಲಿ ಹಾರಿಸುತ್ತಿದ್ದರು. ಬ್ರೂಸರು ಮತಾಡಂಬರ, ಜನಾಂಗದ್ವೇಷ, ಕಾಮ, ನ್ಯಾಯಾಲಯ ಇವನ್ನೆಲ್ಲ ತಡಬಡಿಸದೆ, ಒಂದು ಯೋಚನೆಯಿಂದ ಇನ್ನೊಂದಕ್ಕೆ ಹಾರುತ್ತ, ಜ್ಯಾಜ್ ಸಂಗೀತಗಾರನ ಆಲಾಪನೆಯಂತೆ ನುಡಿದರು. ಅವರ ಭಾಷೆಯು ಹಲವು ಕಡೆ ಅಸಭ್ಯವಾಗಿತ್ತೆಂಬುದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಆ ಅಸಭ್ಯತೆಗೆ ಅಧಿಕಾರಿಗಳು ಮಾಡಿದ ಚಿಕಿತ್ಸೆಯೆಂತಹುದು?

1961ರ ಅಕ್ಟೋಬರಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಅವರನ್ನು ಅಶ್ಲೀಲತೆಯ ಆರೋಪದ ಮೇಲೆ ಹಿಡಿದರು. ಮರುವರುಷ ಅಲ್ಲಿಯ ಜ್ಯೂರಿಯು ನಿರ್ದೋಷಿಯೆಂದಿತು. 1962ರ ಡಿಸೆಂಬರಿನಲ್ಲಿ ಶಿಕಾಗೋದಲ್ಲಿ ಹಿಡಿದರು. ಅಲ್ಲಿ ವಿಧಿಸಿದ ಶಿಕ್ಷೆಯನ್ನು ಇಲಿನಾಯಿ ಸಂಸ್ಥಾನದ ವರಿಷ್ಠ ನ್ಯಾಯಾಲಯವು 1964ರಲ್ಲಿ ತಳ್ಳಿಹಾಕಿತು. ಅದೇ 1964ರ ಏಪ್ರಿಲಿನಲ್ಲಿ ನ್ಯೂಯಾರ್ಕಿನ ಕಫೆಯೊಂದರಲ್ಲಿ ಮತ್ತೆ ಹಿಡಿದರು. ಆ ವಿಚಾರಣೆಯ ವೈಖರಿಯೇ ಒಂದು ಪ್ರಹಸನವಾಗಿತ್ತು. ಸರಕಾರದ ಇನ್ಸ್‌ಪೆಕ್ಟರೊಬ್ಬರು ಸಭಿಕರ ನಡುವೆ ಕುಳಿತು ಗೀಚಿಕೊಂಡಿದ್ದ ಟಿಪ್ಪಣಿಗಳ ಆಧಾರದಿಂದ ನ್ಯಾಯಾಲಯದಲ್ಲಿ ಬ್ರೂಸರ ಹಾಸ್ಯವನ್ನು ಒಪ್ಪಿಸಿದರು. ನೀರಸವಾಗಿ ಒಪ್ಪಿಸಿದವನು ಬೇರೊಬ್ಬ, ಶಿಕ್ಷೆ ಮಾತ್ರ ತನಗೆ ಎಂಬುದು ಬ್ರೂಸರ ಅಳಲು. ಸಾಹಿತಿಗಳೂ ಪಂಡಿತರೂ ಸಾಕ್ಷಿ ನುಡಿದರೂ ನವೆಂಬರಿನಲ್ಲಿ ಅಪರಾಧಿಯೆಂಬ ತೀರ್ಪಾಗಿ, ಡಿಸೆಂಬರಿನಲ್ಲಿ ನಾಲ್ಕು ತಿಂಗಳ ಶಿಕ್ಷೆ ವಿಧಿಸಲ್ಪಟ್ಟಿತು. ಮೇಲಿನ ನ್ಯಾಯಾಲಯದಲ್ಲಿ ಅಪೀಲು ಇತ್ಯರ್ಥವಾಗುವ ಮೊದಲೇ, 1966ರ ಆಗಸ್ಟ್ 3ರಂದು, ಕೆಲಸವನ್ನೂ ಹಣವನ್ನೂ ಕಳೆದುಕೊಂಡಿದ್ದ ಬ್ರೂಸರು ಮಾದಕ ವಸ್ತುವಿನ ಅತಿಸೇವನೆಯಿಂದ ಸತ್ತರು. ವಯಸ್ಸು ನಾಲ್ವತ್ತು. ಕೊನೆಕೊನೆಗೆ ರಂಗದ ಮೇಲೆ ಅವರು ಹಾಸ್ಯಕ್ಕೆ ಬದಲಾಗಿ ತಮ್ಮ ಮೊಕದ್ದಮೆಯ ದಾಖಲೆಗಳನ್ನೇ ಓದುತ್ತಿದ್ದರೆಂಬುದನ್ನು ನೆನೆದರೆ ಕರುಳು ಚುರ್ರೆನ್ನುತ್ತದೆ. 2003ರ ಡಿಸೆಂಬರ್ 23ರಂದು ನ್ಯೂಯಾರ್ಕಿನ ಗವರ್ನರರು ಅವರಿಗೆ ಕ್ಷಮಾದಾನವಿತ್ತರು. ಸತ್ತು ಮೂವತ್ತೇಳು ವರುಷಗಳಾದ ಮೇಲೆ! ಮೃತನಾದವನಿಗೆ ಕ್ಷಮಾದಾನವೀಯುವುದು ಆ ಸಂಸ್ಥಾನದ ಚರಿತ್ರೆಯಲ್ಲಿಯೇ ಮೊದಲಾಗಿತ್ತು.

ಶಿಕಾಗೋದಲ್ಲಿ ಬ್ರೂಸರನ್ನು ಹಿಡಿದ ಆ ರಾತ್ರಿ ಪೋಲೀಸರು ಸಭಿಕರ ಗುರುತಿನ ಚೀಟಿಗಳನ್ನೂ ತೋರಿಸಹೇಳಿದರು. ತೋರಿಸೆನೆಂದ ತರುಣರೊಬ್ಬರನ್ನು ಅದೇ ಗಾಡಿಯಲ್ಲಿ ತುಂಬಿಕೊಂಡು ಹೋದರು. ಅವರೇ ನಮ್ಮ ಮೂರನೆಯವರು, ಜಾರ್ಜ್ ಕಾರ್ಲಿನ್. ಆಗ ಅವರು ಸೂಟು ಬೂಟು ತೊಟ್ಟು ಸೌಮ್ಯವಾದ ವಿನೋದ ಮಾಡುತ್ತಿದ್ದವರು. 1970ರ ಸುಮಾರಿಗೆ ಗಡ್ಡ ಬೆಳೆಸಿ, ಟೈ ಕಿತ್ತೆಸೆದು, ಮನಸ್ಸಿನಲ್ಲಿದ್ದುದನ್ನೇ ನುಡಿಯತೊಡಗಿದರು. ದೂರದರ್ಶನದಲ್ಲಿ ಉಚ್ಚರಿಸಬಾರದ ಏಳು ಶಬ್ದಗಳನ್ನು ಕುರಿತ ಅವರ ಹಾಸ್ಯಕ್ಕಾಗಿ 1972ರ ಜುಲೈಯಲ್ಲಿ ಮಿಲ್ವಾಕಿ ನಗರದಲ್ಲಿ ದಸ್ತಗಿರಿಯಾಯಿತು. ನ್ಯಾಯಾಧೀಶರು ಆ ಮೊಕದ್ದಮೆಯನ್ನು ವಜಾ ಮಾಡಿದರು. ಮರುವರುಷ ನ್ಯೂಯಾರ್ಕಿನ ರೇಡಿಯೋ ಒಂದು ಅಂಥದೇ ಹಾಸ್ಯವನ್ನು ಹಗಲಿನಲ್ಲಿ ಬಿತ್ತರಿಸಿದುದರಿಂದ ಎದ್ದ ವ್ಯಾಜ್ಯವು ಅಮೇರಿಕೆಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1978ರಲ್ಲಿ ಐವರು ನಾಲ್ವರ ಬಹುಮತದಿಂದ ಇತ್ಯರ್ಥವಾಯಿತು. ಮಕ್ಕಳು ಕೇಳುವ ಹೊತ್ತಿನಲ್ಲಿ ರೇಡಿಯೋ ಎಂತಹ ಮಾತನ್ನು ಬಿತ್ತರಿಸಬಾರದೆಂದು ಕಟ್ಟಳೆ ಮಾಡಲು ಸರಕಾರದ ಆಯೋಗಕ್ಕೆ ಅಧಿಕಾರವುಂಟೆಂಬುದೇ ಆ ತೀರ್ಪಿನ ಸಾರ. ಹೊತ್ತುಗೊತ್ತಿನ ಇಂತಹ ಕಟ್ಟಳೆಯಲ್ಲಿ ವಿವೇಕವಿಲ್ಲವೆಂದು ನಾವು ಹೇಳೆವು. ಕಾಸು ಕೊಟ್ಟು ಸಭೆಗೆ ಬಂದ ವಯಸ್ಕರ ವಿಷಯವಾದರೋ ಬೇರೆ.

ಏಳು ಶಬ್ದಗಳ ಗದ್ದಲದಲ್ಲಿ ಕಾರ್ಲಿನ್ನರ ನಿಜವಾದ ಹಿರಿಮೆಯು ಮರೆಯಾಗಬಾರದು. ಅವರು ಭಾಷೆಯ ಕಾವಲುಗಾರರಾಗಿದ್ದರು. ಯುದ್ಧದ ಭೀಕರತೆಯಿಂದ ಮನಸ್ಸು ಒಡೆದ ಸೈನಿಕನ ಬೇನೆಗೆ ಮೊದಲನೆಯ ಮಹಾಯುದ್ಧದಲ್ಲಿ ಎರಡೇ ಮಾತ್ರೆಯ ಒರಟು ಹೆಸರೊಂದಿತ್ತು. ಯುದ್ಧದಿಂದ ಯುದ್ಧಕ್ಕೆ ಆ ಹೆಸರು ಉದ್ದವಾಗುತ್ತ, ಮೆತ್ತಗಾಗುತ್ತ, ಕೊನೆಗೆ ನೋವಿನ ಸುಳಿವೇ ಇಲ್ಲದ ಕಛೇರಿಯ ಮಾತಾಯಿತೆಂದು ಅವರು 1990ರ ಕಾರ್ಯಕ್ರಮವೊಂದರಲ್ಲಿ ಹೆಜ್ಜೆಹೆಜ್ಜೆಯಾಗಿ ತೋರಿಸಿಕೊಟ್ಟರು. ಸಭೆಯು ನಗುತ್ತ ನಗುತ್ತ ಗಂಭೀರವಾಯಿತು. ಬರಗಾಲವನ್ನು ಅಭಾವಸ್ಥಿತಿಯೆಂದೂ ಲಾಠಿಯೇಟನ್ನು ಲಘುಪ್ರಹಾರವೆಂದೂ ಓದಿ ಅಭ್ಯಾಸವಾಗಿರುವ ನಮ್ಮ ವಾಚಕರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. 2008ರ ಜೂನಿನಲ್ಲಿ ಕಾರ್ಲಿನ್ನರು ತೀರಿಕೊಂಡರು. ಮಾರ್ಕ್ ಟ್ವೇನರ ಹೆಸರಿನ ರಾಷ್ಟ್ರೀಯ ಹಾಸ್ಯ ಪಾರಿತೋಷಕವು ಆ ವರುಷ ಅವರಿಗೆ ಮರಣೋತ್ತರವಾಗಿ ಸಂದಿತು.

ಆ ಪಾರಿತೋಷಕವನ್ನು 1998ರಲ್ಲಿ ಮೊತ್ತಮೊದಲು ಪಡೆದವರು ನಮ್ಮ ನಾಲ್ಕನೆಯವರಾದ ರಿಚರ್ಡ್ ಪ್ರಯರ್. ನಾಲ್ವರಲ್ಲಿ ಒಬ್ಬರನ್ನೇ ಆರಿಸಿರೆಂದರೆ ನಾವು ಇವರತ್ತ ಬೆರಳು ತೋರಿಸುವೆವು. 1940ರಲ್ಲಿ ಪೀಯೋರಿಯಾ ಎಂಬ ಊರಿನಲ್ಲಿ ಹುಟ್ಟಿ, ಅಜ್ಜಿಯು ನಡೆಸುತ್ತಿದ್ದ ವೇಶ್ಯಾಗೃಹದಲ್ಲಿ ಬೆಳೆದ ಪ್ರಯರರಿಗೆ ಜೀವನದ ಕೊಳಚೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೊದಮೊದಲು ಅವರು ಬಿಳಿಯ ಸಭಿಕರು ಒಪ್ಪುವ ನಯವಾದ ಹಾಸ್ಯವನ್ನೇ ಮಾಡುತ್ತಿದ್ದರು. 1967ರಲ್ಲಿ ಲಾಸ್ ವೇಗಸ್ಸಿನ ರಂಗವೊಂದರಲ್ಲಿ, ತಾನು ತಾನಾಗಿಲ್ಲವೆಂಬ ಜುಗುಪ್ಸೆ ಹುಟ್ಟಿ, ಕಾರ್ಯಕ್ರಮದ ನಡುವೆಯೇ ಇಳಿದು ಹೊರಟುಹೋದರು. ಆ ಮೇಲೆ ಬಂದ ಪ್ರಯರರೇ ಬೇರೆ. ಬೀದಿಯ ಕುಡುಕರೂ, ಹಳ್ಳಿಯ ಮುದುಕರೂ, ಅವರ ಮೈಮೇಲೆ ಬಂದಂತೆ ಮಾತನಾಡಿದರು. ತನಗಾದ ಹೃದಯಾಘಾತದಲ್ಲಿ ಹೃದಯವೇ ತನ್ನನ್ನು ಗದರಿಸಿದಂತೆ ಅವರು 1979ರ ಚಲನಚಿತ್ರದಲ್ಲಿ ಅಭಿನಯಿಸಿದುದನ್ನು ಕಂಡವರು, ಸಾವನ್ನು ನೋಡಿ ನಗಬಹುದೆಂಬುದನ್ನು ಕಲಿತರು.

ಕಪ್ಪುಜನರನ್ನು ಹೀನಾಯವಾಗಿ ಕರೆಯುವ ಒಂದು ಶಬ್ದವನ್ನು ಪ್ರಯರರು ತಮ್ಮ ಹಾಸ್ಯದಲ್ಲಿ ಧಾರಾಳವಾಗಿ ಬಳಸುತ್ತಿದ್ದರು. ಬೈಗುಳವನ್ನು ನಾವೇ ಬಳಸಿಬಳಸಿ ಅದರ ವಿಷವನ್ನಿಳಿಸಬಹುದೆಂಬುದು ಅವರ ಎಣಿಕೆ. 1979ರಲ್ಲಿ ಅವರು ಆಫ್ರಿಕೆಯ ಕೆನ್ಯಾ ದೇಶಕ್ಕೆ ಹೋದರು. ಅಲ್ಲಿಯ ಹೋಟೆಲಿನ ಹಜಾರದಲ್ಲಿ ಕುಳಿತು ಸುತ್ತಲೂ ನೋಡುವಾಗ, ಎಲ್ಲ ಬಗೆಯ ಕೆಲಸಗಳಲ್ಲಿ ತೊಡಗಿದ ಕಪ್ಪುಜನರನ್ನು ಕಂಡರು; ಆ ಶಬ್ದವು ಸಲ್ಲುವಂತಹ ಒಬ್ಬನೂ ಅವರಿಗೆ ಕಾಣಲಿಲ್ಲ. ಅಂದಿನಿಂದ ಆ ಶಬ್ದವನ್ನು ತ್ಯಜಿಸಿದರು. 1982ರ ಚಲನಚಿತ್ರದಲ್ಲಿ ಅದರ ಕಾರಣವನ್ನು ಸಾವಿರಾರು ಜನರ ಮುಂದೆ ನಿಂತು ಹೇಳಿದರು. ಯಾವ ಪೋಲೀಸಿನವನೂ ಅವರ ಬಾಯಿಗೆ ಕೈಹಾಕಿ ಆ ಮಾತನ್ನು ಕಿತ್ತುಕೊಳ್ಳಲಿಲ್ಲ. ಮಾತಿನ ಸ್ವಾತಂತ್ರ್ಯವನ್ನು ಪೂರ್ಣವಾಗಿ ಪಡೆದವರೊಬ್ಬರು ಮಾತಿನ ಸಂಯಮವನ್ನು ತಾವಾಗಿ ಆರಿಸಿಕೊಂಡರು. ಬ್ರೂಸರನ್ನು ನಾಲ್ಕು ವರುಷ ಅಟ್ಟಾಡಿಸಿದ ಪೋಲೀಸರು ಅವರ ಬಾಯಿಂದ ಒಂದು ಅಸಭ್ಯ ಶಬ್ದವನ್ನಾದರೂ ಬಿಡಿಸಿದರೇ? ಇಲ್ಲ, ಅವರಲ್ಲಿದ್ದ ನಗೆಯನ್ನು ಮಾತ್ರ ಕೊಂದರು.

ಇನ್ನು ನಮ್ಮ ದೇಶದ ಕಡೆಗೆ ತಿರುಗೋಣ. 2021ರ ಜನವರಿ 1ರಂದು ಇಂದೂರಿನಲ್ಲಿ ಮುನವ್ವರ್ ಫಾರೂಕಿಯೆಂಬ ತರುಣ ನಗೆಗಾರರನ್ನು, ಧಾರ್ಮಿಕ ಭಾವನೆಗಳನ್ನು ನೋಯಿಸಿದರೆಂಬ ಆರೋಪದ ಮೇಲೆ ಬಂಧಿಸಲಾಯಿತು. ಉಚ್ಚ ನ್ಯಾಯಾಲಯವು ಜಾಮೀನು ನಿರಾಕರಿಸಿತು. ಫೆಬ್ರವರಿ 5ರಂದು ಸುಪ್ರೀಂ ಕೋರ್ಟು ಮಧ್ಯಂತರ ಜಾಮೀನು ಕೊಡುವ ತನಕ, ಒಂದು ತಿಂಗಳಿಗೂ ಮಿಕ್ಕಿ ಅವರು ಸೆರೆಯಲ್ಲಿದ್ದರು. ಅದೇ ವರುಷದ ನವೆಂಬರ್ 28ರಂದು ನಮ್ಮ ಬೆಂಗಳೂರಿನಲ್ಲಿ ಏರ್ಪಟ್ಟಿದ್ದ ಅವರ ಕಾರ್ಯಕ್ರಮವು, ಶಾಂತಿಭಂಗವಾಗಬಹುದೆಂದು ಪೋಲೀಸರು ವ್ಯವಸ್ಥಾಪಕರಿಗೆ ಬರೆದ ಪತ್ರದಿಂದಾಗಿ ನಿಂತುಹೋಯಿತು. ಫಾರೂಕಿಯವರ ಹಾಸ್ಯವು ನಮಗೆ ರುಚಿಸುವುದೋ ಇಲ್ಲವೋ ಎಂಬುದು ಇಲ್ಲಿ ಅಪ್ರಸ್ತುತ. ಶಾಂತಿಭಂಗ ಮಾಡುವೆವೆಂದು ಬೆದರಿಸುವವರನ್ನು ತಡೆಯತಕ್ಕ ಪೋಲೀಸರು ಮಾತನಾಡತಕ್ಕವನನ್ನೇ ತಡೆದರೆ, ನಾಳೆ ಬೆದರಿಕೆಯೇ ಕಾನೂನಾಗಿ ಪರಿಣಮಿಸುವುದು.

ಹಾಗಾದರೆ ಯಾರು ಏನನ್ನು ಬೇಕಾದರೂ ಆಡಬಹುದೇ ಎಂದು ಹಿರಿಯರು ಕೇಳಬಹುದು. ಪರರ ಪೂಜ್ಯಭಾವನೆಯನ್ನು ಹಗುರಾಗಿ ಕಾಣುವುದು ಶೌರ್ಯವಲ್ಲ. ಬಡವನನ್ನೂ ಅಂಗವಿಕಲನನ್ನೂ ಹಾಸ್ಯಾಸ್ಪದನನ್ನಾಗಿ ಮಾಡುವುದು ಹಾಸ್ಯವೂ ಅಲ್ಲ. ಹಿಂಸೆಗೆ ಹುರಿದುಂಬಿಸುವವನಿಗೆ ಶಿಕ್ಷೆಯಾಗಲೇಬೇಕು. ಆದರೆ ಅಭಿರುಚಿಯ ತಪ್ಪಿಗೆ ಸೆರೆಮನೆಯು ಶಿಕ್ಷೆಯಲ್ಲ. ನಗದೆ ಕುಳಿತ ಸಭೆ, ಎದ್ದು ನಡೆದ ಪ್ರೇಕ್ಷಕ, ಮರುದಿನದ ಪತ್ರಿಕೆಯ ಟೀಕೆ, ಇವು ಸಾಲವೆ? ಧಾರ್ಮಿಕ ಭಾವನೆಗಳ ಹೆಸರಿನ 295ಎ ಎಂಬ ಕಲಮು 1927ರಲ್ಲಿ ಪರಕೀಯ ಸರಕಾರವು ಮಾಡಿದುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 299ನೆಯ ಕಲಮಾಗಿ ಮುಂದುವರಿದಿದೆ. ಲೋಕಮಾನ್ಯರನ್ನು 1908ರಲ್ಲಿ ಬರಹಕ್ಕಾಗಿ ಆರು ವರುಷ ಸೆರೆಗೆ ತಳ್ಳಿದುದನ್ನೂ, 1910ರ ಪತ್ರಿಕಾ ಕಾಯಿದೆಯು ರಾಷ್ಟ್ರೀಯ ಪತ್ರಿಕೆಗಳಿಂದ ಜಾಮೀನು ಹಣ ಕಿತ್ತುದನ್ನೂ ಮರೆಯದವರು, ಆಡುವ ಬಾಯಿಗೆ ಬೀಗ ಹಾಕುವ ಅಧಿಕಾರವನ್ನು ಸ್ವದೇಶೀ ಸರಕಾರದ ಕೈಯಲ್ಲಿಯೂ ಸಲೀಸಾಗಿ ಬಿಡಲಾರರು.

ನಮ್ಮ ಕನ್ನಡ ಜನರು ನಗೆಯನ್ನು ತಾಳಲಾರದವರೆಂದು ಯಾರೂ ಭಾವಿಸದಿರಲಿ. 2019ರಲ್ಲಿ ನಿಧನರಾದ ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ ನಾಟಕದ ನಡುವೆ ಕಥೆಯನ್ನು ಬದಿಗಿಟ್ಟು, ಪ್ರೇಕ್ಷಕರತ್ತ ತಿರುಗಿ, ಅಂದಂದಿನ ಮಂತ್ರಿಗಳನ್ನೂ ಅಧಿಕಾರಿಗಳನ್ನೂ ಮೂದಲಿಸುತ್ತಿದ್ದರು. ಜನರು ದಶಕಗಳ ಕಾಲ ಅದನ್ನು ಮತ್ತೆಮತ್ತೆ ಹೋಗಿ ನೋಡಿದರು. ಅದರಿಂದ ರಾಜ್ಯವು ಮುಳುಗಲಿಲ್ಲ. ಈಗ ಬೆಂಗಳೂರಿನ ಚಿಕ್ಕಚಿಕ್ಕ ಸಭಾಂಗಣಗಳಲ್ಲಿ ಹುಡುಗರೂ ಹುಡುಗಿಯರೂ ಕನ್ನಡದಲ್ಲಿಯೇ ಒಬ್ಬಂಟಿಗರಾಗಿ ನಿಂತು ನಗಿಸಲು ಹೆಣಗುತ್ತಿದ್ದಾರೆ. ಅವರಲ್ಲಿ ಒಬ್ಬ ಪ್ರಯರ್ ಇರಬಹುದು. ತಪ್ಪಿ, ತಡವರಿಸಿ, ತನ್ನನ್ನು ತಾನೇ ತಿದ್ದಿಕೊಳ್ಳಲು ಅವನಿಗೆ ಕೆಲವು ವರುಷಗಳ ಅವಕಾಶ ಬೇಕು. ಅದನ್ನು ಅವರಿಗೆ ದೊರಕಿಸಿಕೊಡುವುದು ಸರಕಾರದ ಕರ್ತವ್ಯ. ಟಿಕೆಟು ಕೊಂಡು ಹೋಗಿ ಕೇಳುವುದು, ಮೆಚ್ಚಿಕೆಯಾದರೆ ನಗುವುದು, ಆಗದಿದ್ದರೆ ಸುಮ್ಮನೆ ಎದ್ದುಬರುವುದು ನಮ್ಮ ನಿಮ್ಮೆಲ್ಲರ ಕರ್ತವ್ಯ.